ಹೈ ಗಾರ್ತ್ ಮನೆಯ ಮುಂಬಾಗಿಲು

ಈ ಕಥೆಯನ್ನು ಮೊದಲು ಹೇಳಿದವಳು ಹೈ ಗಾರ್ತ್ ಮನೆಯ ಎಸ್ತರ್ ಗಾರ್ನೆಟ್. ೧೯೬೦ರ ನವೆಂಬರಿನಲ್ಲಿ, ನಮ್ಮ ಸ್ವಿನ್‌ಬೆಕ್ ಕಣಿವೆಯಲ್ಲಿ ಕುರಿ ಕೂಟ ನಡೆದ ಬುಧವಾರ ಸಂಜೆ. ಗುಡ್ಡದ ಮೇಲೆ ದಾರಿ ತಪ್ಪಿ ಬೇರೆಯವರ ಮಂದೆ ಸೇರಿದ್ದ ಕುರಿಗಳನ್ನು ಕಿವಿಯ ಗುರುತು ನೋಡಿ ಅವರವರಿಗೆ ಒಪ್ಪಿಸಿ ಆಗಿತ್ತು. ಕುರಿಮಾಂಸ, ಆಲೂಗಡ್ಡೆಯ ಊಟವೂ ಮುಗಿದಿತ್ತು. ಪ್ರತಿ ವರ್ಷ ಅಲ್ಲಿಂದ ಮುಂದೆ ಹಾಡು. ಆ ವರ್ಷ ವಿಲ್ಫ್ ಟೈಸನ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಎಸ್ತರ್ ಎದ್ದು ನಿಂತಳು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು.

“ನಾಳೆ ಬಸ್ಸಿಗೆ ನಮ್ಮನೆಗೆ ಒಬ್ಬರು ಬರಬಹುದು. ಬರದೇನೇ ಇರಬಹುದು. ಬಂದರೆ ನೀವೆಲ್ಲ ಕಣ್ಣು ಕಣ್ಣು ಬಿಡ್ತೀರ. ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಬೈಯೋರು ಕೊನೇಲಿ ಬೈರಿ” ಎಂದಳು.

ಡಬ್ಬಿಯಲ್ಲಿ ಇದ್ದದ್ದು ಆ ಮನುಷ್ಯ ಬರೆದ ಕಾಗದಗಳು. ಎಸ್ತರ್ ತಾನು ಬರೆಯುವುದನ್ನೆಲ್ಲ ಮೊದಲು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ತಿದ್ದಿ, ಆಮೇಲೆ ಒಳ್ಳೇ ಹಾಳೆಗೆ ಇಳಿಸುವವಳು. ಹಾಗಾಗಿ ಅವಳವೂ ಅಲ್ಲೇ ಇದ್ದವು. ಅವಳು ಓದಿದ ಸರದಿಯಲ್ಲೇ ಇಲ್ಲಿ ಕೊಟ್ಟಿದ್ದೇನೆ.

*

ಕೆಟರಿಂಗ್
೬ ಮಾರ್ಚ್ ೧೯೫೮

ಶ್ರೀಮತಿ ಗಾರ್ನೆಟ್ ಅವರಿಗೆ,

ಸರೋವರ ಸೀಮೆಯಲ್ಲಿ ಅತಿಥಿಗಳಿಗೆ ಕೋಣೆ ಕೊಡುವ ರೈತರ ಮನೆಗಳ ವಿಳಾಸ ಒಂದು ಹಳೆಯ ಪತ್ರಿಕೆಯಲ್ಲಿ ಸಿಕ್ಕಿತು. ನಿಮ್ಮ ಹೆಸರಿನ ಕೆಳಗೆ ‘ತೊರೆ, ಗುಡ್ಡ, ಮನೆಯ ಬೆಣ್ಣೆ’ ಎಂದು ಮಾತ್ರ ಇತ್ತು. ಉಳಿದವರೆಲ್ಲ ತಮ್ಮ ಮನೆಯನ್ನು ಬಹಳ ಹೊಗಳಿಕೊಂಡಿದ್ದರು. ನನ್ನ ಹೆಂಡತಿ ಮಾಡ್, “ಕಡಿಮೆ ಮಾತಾಡೋ ಹೆಂಗಸೇ ಇರಲಿ, ನಿಮ್ಮ ಬಾಯೊಂದೇ ಸಾಕು” ಎಂದಳು.

ನಾನು ಬೂಟಿನ ಕಾರ್ಖಾನೆಯಲ್ಲಿ ತೊಗಲು ಕತ್ತರಿಸುವವನು. ಮದುವೆಯಾದಾಗಿನಿಂದ ನಿಮ್ಮ ಸೀಮೆ ನೋಡಬೇಕೆಂದು ನಾವು ಮಾತಾಡುತ್ತ ಬಂದಿದ್ದೇವೆ. ಮಾತು ಮೂವತ್ತು ವರ್ಷದ್ದಾಯಿತು. ಜೂನ್ ಎರಡನೇ ವಾರ ಇಬ್ಬರಿಗೆ ಒಂದು ಕೋಣೆ ಸಿಗಬಹುದೇ? ಮಾಡ್‌ಗೆ ಮಂಡಿನೋವು. ಕೂತಲ್ಲಿಂದಲೇ ಗುಡ್ಡ ಕಾಣುವ ಕಿಟಕಿಯೂ ಒಂದು ತಗ್ಗು ಕುರ್ಚಿಯೂ ಇದ್ದರೆ ಉಪಕಾರವಾಗುತ್ತದೆ.

ತಮ್ಮ ವಿಧೇಯ,
ಸಿರಿಲ್ ಹೊಲೊವೆಲ್

*

ಹೈ ಗಾರ್ತ್, ಸ್ವಿನ್‌ಬೆಕ್
೧೨ ಮಾರ್ಚ್ ೧೯೫೮

ಶ್ರೀ ಹೊಲೊವೆಲ್ ಅವರಿಗೆ,

ಕೋಣೆ ಇದೆ. ಕಿಟಕಿಯಿಂದ ಗುಡ್ಡವಲ್ಲದೆ ಬೇರೇನೂ ಕಾಣುವುದಿಲ್ಲ. ತಗ್ಗು ಕುರ್ಚಿಯೂ ಇದೆ. ಜೂನಿನಲ್ಲಿ ಲ್ಯಾಂಕಾಸ್ಟರಿನ ಶಾಲಾ ಮೇಷ್ಟರ ಕುಟುಂಬವೊಂದು ಬರುವುದಿದೆ, ಅವರು ಗಲಾಟೆಯವರಲ್ಲ. ಬಸ್ಸು ಸೇತುವೆಯ ಹತ್ತಿರ, ಚಾಪೆಲ್ ಎದುರು ನಿಲ್ಲುತ್ತದೆ. ಅಲ್ಲಿಂದ ಯಾರನ್ನು ಕೇಳಿದರೂ ನಮ್ಮ ಮನೆ ತೋರಿಸುತ್ತಾರೆ.

ಮನೆಯಲ್ಲಿ ನನ್ನ ಮಾವ ಜೋನಸ್ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಕಿವಿ ಕೇಳಿಸುವುದಿಲ್ಲ. ಬಂದವರನ್ನು ಮೊದಲು ನಾಯಿ ನೋಡುತ್ತದೆ, ಆಮೇಲೆ ಅವರು. ನಾಯಿ ಕಚ್ಚುವುದಿಲ್ಲ. ನಿಮ್ಮ ಕಾಗದ ಅವರಿಗೆ ತೋರಿಸಿದೆ. “ಬೂಟು ಮಾಡೋನಾ? ನನ್ನ ಎಡಗಾಲಿನದು ನೀರು ಕುಡೀತಾ ಇದೆ, ಕೇಳು” ಎಂದರು. ನಾನು ಕೇಳುವುದಿಲ್ಲ ಎಂದೆ. ಆದರೂ ಈಗ ಕೇಳಿದ ಹಾಗಾಯಿತು.

ಎಸ್ತರ್ ಗಾರ್ನೆಟ್

*

ಕೆಟರಿಂಗ್
೩೦ ಮೇ ೧೯೫೮

ಶ್ರೀಮತಿ ಗಾರ್ನೆಟ್ ಅವರಿಗೆ,

ಬಹಳ ಸಂಕೋಚದಿಂದ ಬರೆಯುತ್ತಿದ್ದೇನೆ. ಮಾಡ್‌ಳನ್ನು ಕೆಲವು ದಿನದ ಮಟ್ಟಿಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದಾರೆ. ಗಾಬರಿಯದೇನಲ್ಲ ಎಂದು ಡಾಕ್ಟರು ಹೇಳುತ್ತಾರೆ, ಆದರೆ ಪ್ರಯಾಣ ಬೇಡವಂತೆ. ಪೆಟ್ಟಿಗೆ ಅರ್ಧ ತುಂಬಿಸಿ ಆಗಿತ್ತು. ಬಿಚ್ಚಬೇಡಿ, ಹಾಗೇ ಇರಲಿ ಎಂದಿದ್ದಾಳೆ.

ಒಂದು ಬೇಡಿಕೆ. ಬಿಡುವಾದಾಗ ಆ ಕಿಟಕಿಯಿಂದ ಏನು ಕಾಣುತ್ತದೆಂದು ಎರಡು ಸಾಲು ಬರೆದರೆ ಅವಳಿಗೆ ಓದಿ ಹೇಳುತ್ತೇನೆ. ಆಸ್ಪತ್ರೆಯ ಕಿಟಕಿಯಿಂದ ಕಾಣುವುದು ಒಂದು ಗೋಡೆ ಮಾತ್ರ.

ಸಿರಿಲ್ ಹೊಲೊವೆಲ್

*

ಹೈ ಗಾರ್ತ್
೮ ಜೂನ್ ೧೯೫೮

ಶ್ರೀ ಹೊಲೊವೆಲ್ ಅವರಿಗೆ,

ಇದನ್ನು ಆ ಕಿಟಕಿಯ ಹತ್ತಿರವೇ ಕೂತು ಬರೆಯುತ್ತಿದ್ದೇನೆ. ಈ ಕೋಣೆಯಲ್ಲಿ ಸುಮ್ಮನೆ ಕೂತು ಎಷ್ಟೋ ಕಾಲವಾಗಿತ್ತು.

ಎದುರಿಗೆ ಗುಡ್ಡ. ಅದರ ಅರ್ಧದವರೆಗೆ ನಮ್ಮ ಕಲ್ಲುಗೋಡೆ ಏರುತ್ತದೆ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಇಟ್ಟದ್ದು. ಅದರಾಚೆ ಹುಲ್ಲು ಬೇರೆ ಬಣ್ಣ. ಈಗ ಬಿಸಿಲು ಎಡದ ತುದಿಯಲ್ಲಿದೆ. ನಾನು ಈ ಸಾಲು ಮುಗಿಸುವಷ್ಟರಲ್ಲಿ ಮೋಡದ ನೆರಳು ಅದನ್ನು ನುಂಗಿತು. ಈಗ ಮತ್ತೆ ಬಂತು. ಇಲ್ಲಿ ಹಗಲಿಡೀ ನಡೆಯುವುದು ಇಷ್ಟೇ. ಕೆಳಗೆ ತೊರೆ ಇದೆ, ಅದು ಕಾಣುವುದಿಲ್ಲ, ಬರೀ ಸದ್ದು. ಹಿತ್ತಿಲ ಕಡೆ ನಿಂತರೆ ಆ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ನಮ್ಮ ಕುರಿಗಳು ಗೋಡೆಯಾಚೆ ಮೇಯುತ್ತಿವೆ. ಅಲ್ಲಿ ಬೇಲಿ ಇಲ್ಲ. ಆದರೂ ತಾಯಿ ಮೇಯ್ದ ಗುಡ್ಡ ಬಿಟ್ಟು ಮರಿ ದೂರ ಹೋಗುವುದಿಲ್ಲ. ಹೋದದ್ದೂ ಒಂದೆರಡು, ಅವನ್ನು ನವೆಂಬರಿನಲ್ಲಿ ಯಾರಾದರೂ ತಂದುಕೊಡುತ್ತಾರೆ.

ಮಾವ ಕೆಳಗಿನಿಂದ ಕೂಗುತ್ತಿದ್ದಾರೆ, “ಎಸ್ತರ್, ಬೂಟಿನೋರು ಬಂದ್ರಾ?” ಇಲ್ಲ ಎಂದು ಇಲ್ಲಿಂದ ಕೂಗಿದರೆ ಅವರಿಗೆ ಕೇಳಿಸದು, ಕೆಳಗಿಳಿದು ಹೋಗಿ ಹೇಳಬೇಕು. ನನ್ನ ಗಂಡ ಎಡ್ವಿನ್‌ನ ಕುರ್ಚಿಯ ಮೇಲೆ ಬೆಕ್ಕು ಮಲಗಿದೆ. ಮಾಡ್ ಅವರಿಗೆ ಬೇಗ ಗುಣವಾಗಲಿ.

ಎಸ್ತರ್ ಗಾರ್ನೆಟ್

*

ಕೆಟರಿಂಗ್
೨ ಫೆಬ್ರುವರಿ ೧೯೫೯

ಶ್ರೀಮತಿ ಗಾರ್ನೆಟ್ ಅವರಿಗೆ,

ಇಷ್ಟು ತಿಂಗಳು ಬರೆಯದಿದ್ದುದಕ್ಕೆ ಕ್ಷಮಿಸಿ. ನಿಮ್ಮ ಕಾಗದವನ್ನು ಮಾಡ್‌ಗೆ ಮತ್ತೆ ಮತ್ತೆ ಓದಿದೆ. ಮೋಡದ ನೆರಳಿನ ಕಡೆ ಬಂದಾಗಲೆಲ್ಲ ನಿಧಾನ ಓದಿ ಎನ್ನುತ್ತಿದ್ದಳು.

ಈ ವರ್ಷ ಖಂಡಿತ ಬರುತ್ತೇವೆ. ಸೆಪ್ಟೆಂಬರ್ ಆದರೆ ಕಾರ್ಖಾನೆಯಲ್ಲಿ ರಜೆ ಸುಲಭ. ತಗ್ಗು ಕುರ್ಚಿಯ ಚಿಂತೆ ಬೇಡ. ಈಗ ಅದರ ಅಗತ್ಯವಿಲ್ಲ.

ನಿಮ್ಮ ಯಜಮಾನರಿಗೂ ಮಾವನವರಿಗೂ ನಮಸ್ಕಾರ ತಿಳಿಸಿ.

ಸಿರಿಲ್ ಹೊಲೊವೆಲ್

*

ಹೈ ಗಾರ್ತ್
೧೧ ಫೆಬ್ರುವರಿ ೧೯೫೯

ಶ್ರೀ ಹೊಲೊವೆಲ್ ಅವರಿಗೆ,

ಮಾಡ್ ಅವರ ಮಂಡಿ ವಾಸಿಯಾದದ್ದು ಕೇಳಿ ಸಂತೋಷವಾಯಿತು. ಸೆಪ್ಟೆಂಬರ್ ಹತ್ತು, ಗುರುವಾರ ಬನ್ನಿ. ಹಿಂದಿನ ದಿನವೇ ಉಳಿದ ಅತಿಥಿಗಳು ಹೊರಡುತ್ತಾರೆ, ಮನೆ ಶಾಂತವಾಗಿರುತ್ತದೆ. ಡ್ಯಾಮ್ಸನ್ ಹಣ್ಣು ಆಗ ಬಿಟ್ಟಿರುತ್ತದೆ. ಮಾಡ್ ಅವರಿಗೆ ಜಾಮ್ ಮಾಡಲು ಬರುತ್ತದೆಯೇ? ನನ್ನದು ಪ್ರತಿ ವರ್ಷ ನೀರಾಗುತ್ತದೆ. ಇಬ್ಬರೂ ಸೇರಿ ಒಂದು ಸಲ ಮಾಡಿ ನೋಡೋಣ ಎಂದು ಆಸೆ.

ಎಸ್ತರ್ ಗಾರ್ನೆಟ್

*

ಕೆಟರಿಂಗ್
೧೪ ಸೆಪ್ಟೆಂಬರ್ ೧೯೫೯

ಮಾನ್ಯರೇ,

ಕೊನೆಯ ಗಳಿಗೆಯಲ್ಲಿ ಮಾಡ್‌ಗೆ ಹುಷಾರಿಲ್ಲದೆ ಹೋದದ್ದರಿಂದ ಹೊರಡಲಾಗಲಿಲ್ಲ. ತಂತಿ ಕಳಿಸಲೂ ಆಗಲಿಲ್ಲ. ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ. ಇನ್ನು ಮುಂದೆ ಕೋಣೆ ಕಾದಿರಿಸುವ ಶ್ರಮ ತೆಗೆದುಕೊಳ್ಳಬೇಡಿ.

ಸಿ. ಹೊಲೊವೆಲ್

*

ಹೈ ಗಾರ್ತ್
೨೦ ಸೆಪ್ಟೆಂಬರ್ ೧೯೫೯

ಶ್ರೀ ಹೊಲೊವೆಲ್ ಅವರಿಗೆ,

ತೊಂದರೆ ಏನೂ ಆಗಲಿಲ್ಲ. ಮಧ್ಯಾಹ್ನದಿಂದ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ದಾರಿ ನೋಡುತ್ತ ಹಣ್ಣು ಬಿಡಿಸುತ್ತಿದ್ದೆ. ಬಸ್ಸು ಬಂದು ಹೋದದ್ದು ಕಂಡಿತು. ಕತ್ತಲಾಗುವ ತನಕ ಕಾದೆ. ಕೋಳಿ ಬೇಯಿಸಿದ್ದೆ, ನಾಯಿಗೆ ಹಬ್ಬವಾಯಿತು. ಮಾಡ್ ಅವರನ್ನು ಚೆನ್ನಾಗಿ ನೋಡಿಕೊಳ್ಳಿ. ಕೋಣೆಯ ಮಾತು ನಿಮ್ಮಿಷ್ಟ.

ಆ ದಿನ ನಮ್ಮ ಮನೆಯಲ್ಲಿ ಇನ್ನೊಂದು ಗಲಾಟೆ. ಹೇಳಿದರೆ ಮಾಡ್ ಅವರಿಗೆ ನಗು ಬರಬಹುದು. ನಮ್ಮ ಕಣಿವೆಯಲ್ಲಿ ಮುಂಬಾಗಿಲನ್ನು ಯಾರೂ ಬಳಸುವುದಿಲ್ಲ. ಪಾದ್ರಿಯಾದರೂ ಅಂಚೆಯವನಾದರೂ ಹಿತ್ತಿಲಿಂದ ನೇರ ಅಡುಗೆಮನೆಗೆ. ಮುಂಬಾಗಿಲು ತೆರೆಯುವುದು ಮದುವಣಗಿತ್ತಿ ಹೊರಡುವಾಗ, ಇಲ್ಲವೇ ಶವದ ಪೆಟ್ಟಿಗೆ ಹೊರಡುವಾಗ. ಮಾವ ಮಧ್ಯಾಹ್ನ ಮಲಗುವುದು ಮುಂಬಾಗಿಲ ಪಕ್ಕದ ಕೋಣೆಯಲ್ಲಿ, ತಲೆಯನ್ನು ಬಾಗಿಲಿಗೆ ಅಂಟಿದ ಹಲಗೆಗೋಡೆಗೆ ತಾಗಿಸಿಕೊಂಡು. ಸಂಜೆ ಎದ್ದು ಬಂದವರೇ, “ಎಸ್ತರ್, ಬಂದಿದ್ರು” ಎಂದರು.

“ಯಾರು ಮಾವ?”

“ಮುಂಬಾಗಿಲು ಬಡಿದ್ರು. ಎರಡು ಸಲ. ನನ್ನ ತಲೆಬುರುಡೆಗೇ ಬಡಿದ ಹಾಗಾಯ್ತು.”

“ನಿಮಗೆ ಕಿವಿ ಎಲ್ಲಿ ಕೇಳ್ತದೆ?”

“ಕಿವಿಗಲ್ಲ ಕಣೇ, ಹಲಗೆಗೆ ಕೇಳ್ತು. ಈ ಮನೇಲಿ ಮದುವೆ ಆಗೋ ಹುಡುಗಿ ಯಾರೂ ಇಲ್ಲ. ಅಂದ್ಮೇಲೆ ಬಂದದ್ದು ನನಗೇ. ನನ್ನ ಒಳ್ಳೇ ಅಂಗಿ ಇಸ್ತ್ರಿ ಮಾಡಿಡು.”

ಅಂದಿನಿಂದ ಇವರು ಹೊರಡುವ ಸಿದ್ಧತೆಯಲ್ಲಿದ್ದಾರೆ. ಕೋಲನ್ನು ವಿಲ್ಫ್ ಟೈಸನ್‌ಗೆ ಕೊಟ್ಟುಬಿಟ್ಟರು. ಈಗ ಓಡಾಡಲು ಕೋಲಿಲ್ಲದೆ ನನ್ನ ಭುಜ ಹಿಡಿಯುತ್ತಾರೆ. ಊಟ ಅರ್ಧಕ್ಕೆ ಬಿಡುತ್ತಾರೆ. ಮೊದಮೊದಲು ನಕ್ಕೆ. ಈಗ ನಗು ಬರುತ್ತಿಲ್ಲ.

ಎಸ್ತರ್ ಗಾರ್ನೆಟ್

*

ಕೆಟರಿಂಗ್
೬ ಡಿಸೆಂಬರ್ ೧೯೫೯

ಎಸ್ತರ್ ಅವರೇ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಬರೆದು ಹರಿದೆ. ಇದನ್ನು ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಚೆ ಪೆಟ್ಟಿಗೆಗೆ ಹಾಕಿಬಿಡುತ್ತೇನೆ, ತಿರುಗಿ ಓದುವುದಿಲ್ಲ.

ಬಾಗಿಲು ಬಡಿದವನು ನಾನು. ಮಾವನವರಿಗೆ ದಯವಿಟ್ಟು ಇವತ್ತೇ ಹೇಳಿ.

ಮಾಡ್ ೧೯೫೮ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಫೆಬ್ರುವರಿಯಲ್ಲಿ ನಿಮಗೆ ಬರೆಯಲು ಕೂತಾಗ ‘ಬರುತ್ತೇವೆ’ ಎಂದು ತಾನಾಗಿ ಬಂತು. ಅಳಿಸಲು ಮನಸ್ಸಾಗಲಿಲ್ಲ. ಅವಳು ಬದುಕಿರುವ ಜಾಗ ಅಂತ ನಿಮ್ಮ ಮನೆಯೊಂದೇ ಉಳಿದಿತ್ತು. ನೀವು ಅವಳ ಮಂಡಿ ವಾಸಿಯಾಯಿತೆಂದುಕೊಂಡಿರಿ. ನಾನು ತಿದ್ದಲಿಲ್ಲ.

ಸೆಪ್ಟೆಂಬರ್ ಹತ್ತರಂದು ಬಸ್ಸು ಇಳಿದಾಗ ಸೇತುವೆಯ ಬಳಿ ಕೇಳಲು ಯಾರೂ ಇರಲಿಲ್ಲ. ಮಾಡ್ ಕೊಂಡಿಟ್ಟಿದ್ದ ನಕ್ಷೆಯಲ್ಲಿ ಚಾಪೆಲ್ ಹಿಂದಿನಿಂದ ಹೊಲ ಹಾಯ್ದು ಬರುವ ಕಾಲುದಾರಿ ಇತ್ತು. ಅದೇ ದಾರಿಯಲ್ಲಿ ಬಂದೆ. ಅದು ನಿಮ್ಮ ಮನೆಯ ಮುಂದೆ ತಂದು ಬಿಟ್ಟಿತು. ನಮ್ಮ ಬೀದಿಯಲ್ಲಿ ಅತಿಥಿಯಾದವನು ಮುಂಬಾಗಿಲಿಗೇ ಹೋಗುತ್ತಾನೆ. ಹಿಂದಿನಿಂದ ಬರುವವರು ಕಲ್ಲಿದ್ದಲಿನವರು. ಎರಡು ಸಲ ಬಡಿದೆ. ಬಾಗಿಲ ಚಿಲಕದ ಮೇಲೆ ಬಳ್ಳಿ ಹಬ್ಬಿತ್ತು. ಕಿಟಕಿಯಿಂದ ನೋಡಿದರೆ ಕುರ್ಚಿಗಳ ಮೇಲೆಲ್ಲ ಬಿಳಿ ಬಟ್ಟೆ ಹೊದಿಸಿತ್ತು. ಅತಿಥಿಗಳು ಹಿಂದಿನ ದಿನ ಎದ್ದುಹೋದ ಮನೆಯ ಹಾಗೆ ಕಾಣಲಿಲ್ಲ. ನೀವು ನನ್ನನ್ನು ಬರಬೇಡ ಎನ್ನಲಾರದೆ ಮನೆ ಮುಚ್ಚಿಕೊಂಡು ಎಲ್ಲೋ ಹೋಗಿದ್ದೀರಿ ಅನ್ನಿಸಿತು. ಮನೆ ಸುತ್ತಿ ಹಿಂದೆ ಇಣುಕುವುದು ಮರ್ಯಾದೆಯಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬಾಗಿಲು ತೆರೆಯದಿದ್ದಾಗ ಸ್ವಲ್ಪ ನೆಮ್ಮದಿಯೂ ಆಯಿತು. ಮಾಡ್ ಎಲ್ಲಿ ಎಂದು ನೀವು ಕೇಳುವುದನ್ನು ನೆನೆದೇ ಬಸ್ಸಿನಲ್ಲಿ ದಾರಿಯಿಡೀ ಬೆವರಿದ್ದೆ.

ನೀವು ಹಿಂದೆ ಕೂತು ಹಣ್ಣು ಬಿಡಿಸುತ್ತಿದ್ದಿರಿ ಎಂದು ಓದಿದಾಗ ಏನಾಯಿತೆಂದು ಬರೆಯಲಾರೆ. ನನ್ನದೊಂದು ಬಡಿತದಿಂದ ಒಬ್ಬ ಹಿರಿಯರು ಅನ್ನ ಬಿಟ್ಟಿದ್ದಾರೆ ಎಂದು ಗೊತ್ತಿದ್ದೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೆ ನನ್ನ ಬಳಿ ಕಾರಣವಿಲ್ಲ.

ನೀವು ಒಪ್ಪಿದರೆ ಕ್ರಿಸ್‌ಮಸ್ ರಜೆಯಲ್ಲಿ ನಾನೇ ಬಂದು ಅವರ ಮುಂದೆ ನಿಂತು ಹೇಳುತ್ತೇನೆ.

ಸಿರಿಲ್

*

ಹೈ ಗಾರ್ತ್
೧೭ ಡಿಸೆಂಬರ್ ೧೯೫೯

ಸಿರಿಲ್ ಅವರೇ,

ಮಾಡ್ ಅವರಿಗಾಗಿ ಈ ಕೋಣೆಯಲ್ಲಿ ಕೂತು ಅತ್ತೆ. ನೋಡದ ಹೆಂಗಸು. ಆದರೂ ಜಾಮಿನ ದೊಡ್ಡ ಚಮಚ ಎರಡು ತೊಳೆದಿಟ್ಟಿದ್ದೆ.

ನನ್ನದನ್ನೂ ಹೇಳಿಬಿಡುತ್ತೇನೆ. ನನ್ನ ಗಂಡ ಎಡ್ವಿನ್ ಹೋಗಿ ನಾಲ್ಕು ವರ್ಷವಾಯಿತು. ಲ್ಯಾಂಕಾಸ್ಟರಿನ ಮೇಷ್ಟರ ಕುಟುಂಬ ಎಂಬುದಿಲ್ಲ. ಎಡ್ವಿನ್ ಹೋದ ಮೇಲೆ ಈ ಮನೆಗೆ ಯಾವ ಅತಿಥಿಯೂ ಬಂದಿಲ್ಲ. ನೀವು ನೋಡಿದ ಪತ್ರಿಕೆ ಅದಕ್ಕೂ ಹಳೆಯದು. ಒಂಟಿ ಹೆಂಗಸು ಅಂದರೆ ನೀವು ಬೇರೆ ಮನೆ ನೋಡಿಕೊಳ್ಳುತ್ತೀರೆಂದು ಮೊದಲ ಕಾಗದದಲ್ಲಿ ಮೇಷ್ಟರನ್ನು ಹುಟ್ಟಿಸಿದೆ. ಆಮೇಲೆ ಅವರನ್ನು ಕಳಿಸುವುದು ಕಷ್ಟವಾಯಿತು.

ಈಗ ನಿಮಗೆ ಬೇಸರವಾಗುವ ಮಾತು. ಮಾವನಿಗೆ ನಾನು ಹೇಳಿಲ್ಲ.

ನಿಮ್ಮ ಕಾಗದ ಬಂದ ದಿನವೇ ಹೇಳಲು ಹೊರಟೆ. ಅಡುಗೆಮನೆಗೆ ಬಂದರೆ ಕೂರಲು ಜಾಗವಿರಲಿಲ್ಲ. ಜೋನಸ್ ಹೊರಡುತ್ತಾರಂತೆ ಎಂಬ ಸುದ್ದಿ ಕಣಿವೆಯೆಲ್ಲ ಹಬ್ಬಿ, ಈಗ ದಿನಾ ಸಂಜೆ ಯಾರಾದರೂ ಬರುತ್ತಾರೆ. ಎಡ್ವಿನ್ ಸತ್ತ ಮೇಲೆ ಈ ಮನೆಗೆ ಕಾಲಿಡದವರು. ಬೇಡವೆಂದಲ್ಲ, ಏನು ಮಾತಾಡುವುದೆಂದು ತಿಳಿಯದೆ. ಸಾಯುವವರ ಹತ್ತಿರ ಮಾತಾಡುವುದು ಸುಲಭ ಇರಬೇಕು. ಕುರ್ಚಿ ಸಾಲದೆ ಅವರವರ ಮನೆಯಿಂದ ಹೊತ್ತು ತಂದು ಇಲ್ಲೇ ಬಿಟ್ಟಿದ್ದಾರೆ. ಆಗ್ನೆಸ್ ಬರ್ಕೆಟ್ ವಾರಕ್ಕೊಂದು ಶುಂಠಿ ಕೇಕ್ ತರುತ್ತಾಳೆ. ಮುದುಕ ಈಗ ತಿನ್ನುತ್ತಿದ್ದಾರೆ. ಎಷ್ಟೋ ವರ್ಷದಿಂದ ಸುಮ್ಮನಿದ್ದವರು ಮಾತಾಡುತ್ತಿದ್ದಾರೆ. ನಾನೂ.

ಬಡಿದದ್ದು ಒಬ್ಬ ಬೂಟಿನವನು ಎಂದು ಗೊತ್ತಾದರೆ ನಾಳೆ ಎಲ್ಲ ಕುರ್ಚಿಗಳೂ ಮನೆಗೆ ಹೋಗುತ್ತವೆ. ನೀವು ಬಂದರೆ ಗೊತ್ತಾಗದೆ ಇರದು. ಇಲ್ಲಿ ಹೊಸ ಮುಖ ಕಂಡರೆ ಕುರಿಯೂ ತಲೆ ಎತ್ತುತ್ತದೆ. ಅದಕ್ಕೇ ಈಗ ಬರಬೇಡಿ. ಇದನ್ನು ಬರೆಯುವಾಗ ನನಗೆ ಏನನ್ನಿಸುತ್ತಿದೆ ಎಂದು ನಿಮಗೆ ಗೊತ್ತಿರುತ್ತದೆ.

ಎಸ್ತರ್

*

ಕೆಟರಿಂಗ್
೩ ಜನವರಿ ೧೯೬೦

ಎಸ್ತರ್ ಅವರೇ,

ಆಗಲಿ.

ಕ್ರಿಸ್‌ಮಸ್ ಚೆನ್ನಾಗಿಯೇ ಕಳೆಯಿತು. ಪಕ್ಕದ ಮನೆಯವರು ಒಂದು ತಟ್ಟೆ ಕಳಿಸಿದ್ದರು.

ಸಿರಿಲ್

*

ಹೈ ಗಾರ್ತ್
೧ ಮೇ ೧೯೬೦

ಸಿರಿಲ್ ಅವರೇ,

ನಿಮ್ಮ ಮೂರು ಸಾಲಿಗೆ ಉತ್ತರ ಹೇಗೆ ಬರೆಯುವುದೆಂದು ತಿಳಿಯದೆ ಮರಿ ಹಾಕುವ ಕಾಲ ಮುಗಿಯಲಿ ಎಂದು ನೆಪ ಹೇಳಿಕೊಂಡೆ. ಮುಗಿಯಿತು.

ಮಾವ ಗಟ್ಟಿಯಾಗಿದ್ದಾರೆ. ಮೈ ತುಂಬಿಕೊಂಡಿದ್ದಾರೆ. ಸಂಜೆ ಯಾರಾದರೂ ತಡವಾಗಿ ಬಂದರೆ, “ನಾನು ಹೊರಟುಹೋದ ಮೇಲೆ ಬರಬೇಕು ಅಂತಿದ್ದೆಯೇನೋ?” ಎಂದು ಬೈಯುತ್ತಾರೆ. ಮೊನ್ನೆ ಆಗ್ನೆಸ್ ತಡೆಯಲಾರದೆ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು.

“ಜೋನಸಜ್ಜಾ, ಒಂದು ಅಂದಾಜಾದರೂ ಹೇಳು. ಬೆಣ್ಣೆ ಸಕ್ಕರೆ ನನಗೂ ಪುಕ್ಕಟೆ ಬರಲ್ಲ.”

“ಅವಸರ ಇದ್ರೆ ನೀನೇ ಮೊದಲು ಹೋಗು ಮಗಳೇ. ನಿನ್ನ ಕೇಕ್ ತಿಂದೇ ನನಗೆ ತಡವಾಗ್ತಿರೋದು.”

ವಿಲ್ಫ್ ಕೋಲನ್ನು ವಾಪಸು ತಂದುಕೊಟ್ಟ. ಮಾವ ತೆಗೆದುಕೊಳ್ಳಲಿಲ್ಲ, ಕೊಟ್ಟದ್ದು ಕೊಟ್ಟದ್ದೇ ಎಂದರು. ಆದರೂ ಅವನು ಮೂಲೆಯಲ್ಲಿ ಬಿಟ್ಟುಹೋದ ಅದನ್ನೇ ಹಿಡಿದು ಈಗ ಹಿತ್ತಿಲವರೆಗೆ ಹೋಗಿ ಬರುತ್ತಾರೆ.

ಎಲ್ಲರೂ ನಗುವಾಗ ನಾನೂ ನಗುತ್ತೇನೆ. ಅವರು ಹೋದ ಮೇಲೆ, ಈ ನಗು ಯಾರ ಖರ್ಚಿನಲ್ಲಿ ನಡೆಯುತ್ತಿದೆ ಎಂದು ನೆನಪಾಗುತ್ತದೆ.

ಎಸ್ತರ್

*

ಕೆಟರಿಂಗ್
೧೫ ಮೇ ೧೯೬೦

ಎಸ್ತರ್ ಅವರೇ,

ಮಾವನವರು ಚೆನ್ನಾಗಿದ್ದಾರೆಂದು ತಿಳಿದು ನಿಜವಾಗಿಯೂ ಸಂತೋಷವಾಯಿತು. ಆದರೆ ಅವರ ಆರೋಗ್ಯ ಹೇಗಿದೆ ಎಂದು ಕೇಳುವಾಗ ಕೈ ತಡೆಯುತ್ತದೆ. ಯಾಕೆ ಕೇಳುತ್ತಿದ್ದೇನೆಂದು ನನಗೇ ಅನುಮಾನ. ಇನ್ನೊಬ್ಬರ ಸಾವಿನಾಚೆಗೆ ಪ್ರವಾಸದ ದಿನ ಗೊತ್ತುಮಾಡಿಕೊಂಡ ಮನುಷ್ಯ ಲೋಕದಲ್ಲಿ ನಾನೊಬ್ಬನೇ ಇರಬೇಕು. ಅವರು ನೂರು ವರ್ಷ ಬಾಳಲಿ. ಇದನ್ನು ಎರಡು ಸಲ ಓದಿದೆ, ನಿಜವೇ ಬರೆದಿದ್ದೇನೆ.

ಆಗಸ್ಟಿಗೆ ನನ್ನ ಕೆಲಸ ಮುಗಿಯುತ್ತದೆ. ಕಾರ್ಖಾನೆಯವರು ಗಡಿಯಾರ ಕೊಡುತ್ತಾರಂತೆ. ಈಗ ಭಾನುವಾರ ಒಂದು ದಿನವೇ ಉದ್ದ ಎನಿಸುತ್ತಿದೆ, ಆಮೇಲೆ ಎಲ್ಲವೂ ಭಾನುವಾರವೇ. ಮಾಡ್‌ಳ ಪೆಟ್ಟಿಗೆಯನ್ನು ಕೊನೆಗೂ ಬಿಚ್ಚಿದೆ. ಮೇಲೆ ಮಳೆಯಂಗಿ ಎರಡು ಇದ್ದವು. ನಿಮ್ಮ ಕಡೆ ಮಳೆ ಹೆಚ್ಚಂತೆ ಎಂದು ಯಾರೋ ಅವಳಿಗೆ ಹೇಳಿದ್ದರು.

ಆ ಕಿಟಕಿಯಿಂದ ಈಗ ಏನು ಕಾಣುತ್ತದೆ?

ಸಿರಿಲ್

*

ಹೈ ಗಾರ್ತ್
೨ ಅಕ್ಟೋಬರ್ ೧೯೬೦

ಸಿರಿಲ್,

ಬೇಸಿಗೆಯಲ್ಲಿ ನಾನು ಬರೆದ ಕಾಗದಗಳೆಲ್ಲ ಬರೀ ಕಿಟಕಿಯವು. ಇದು ಬೇರೆ.

ಮಾವ ಹೋದ ಶನಿವಾರ ತೀರಿಕೊಂಡರು. ನಿದ್ದೆಯಲ್ಲಿ. ಹಿಂದಿನ ಸಂಜೆ ಎಲ್ಲರೂ ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

“ಎಸ್ತರ್, ಹೋದ ವರ್ಷ ಬಾಗಿಲು ಬಡಿದನಲ್ಲ, ಅವನು ಯಾರು?”

ನಾನು ಎತ್ತಿಕೊಂಡಿದ್ದ ಲೋಟಗಳನ್ನು ಕೆಳಗಿಟ್ಟೆ.

“ಒಂದು ಸಲ ಬಡಿದ. ನಿಂತ. ಆಮೇಲೆ ಇನ್ನೊಂದು ಸಲ, ಮೊದಲಿಗಿಂತ ಮೆತ್ತಗೆ ಬಡಿದ. ಸಾವು ಹಾಗೆ ಸಂಕೋಚಪಡ್ತದೇನೇ? ಯಾವನೋ ಪಾಪದವನು. ನಿನ್ನ ಬೂಟಿನವನಾ?”

ಹೌದು ಎಂದು ತಲೆಯಾಡಿಸಿದೆ. ಮೊದಲಿಂದ ಗೊತ್ತಿತ್ತಾ ಎಂದು ಕೂಗಿ ಕೇಳಿದೆ.

“ಮೊದಲ ವಾರ ನಂಬಿದ್ದೆ. ಆಮೇಲೆ ಜನ ಬರೋಕೆ ಶುರುವಾದ್ರು. ಬಂದವರನ್ನು ಹೇಗೆ ವಾಪಸು ಕಳಿಸೋದು? ನೀನೂ ಎರಡು ಮಾತಾಡೋಕೆ ಹತ್ತಿದ್ದೆ. ಅವನಿಗೆ ಬರೀ, ಬಾ ಅಂತ. ಆ ಎಡಗಾಲಿನ ಬೂಟಿನ ವಿಷಯಾನೂ ಬರೀ.”

ಮಂಗಳವಾರ ಮುಂಬಾಗಿಲು ತೆರೆದೆವು. ಬಳ್ಳಿ ಕತ್ತರಿಸಿ, ಕೀಲಿಗೆ ಎಣ್ಣೆ ಬಿಟ್ಟು, ಮೂವರು ಒತ್ತಿದ ಮೇಲೆ ತೆರೆಯಿತು. ಅವರನ್ನು ಹೊರಗೆ ಕಳಿಸಿ ಮತ್ತೆ ಮುಚ್ಚಿದೆವು. ಸಾವಿನ ಊಟ ಮುಗಿದ ಮೇಲೆ ಪ್ರತಿಯೊಬ್ಬರೂ ಹೋಗುವಾಗ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಹೋದರು. ಅದರಲ್ಲಿ ತಪ್ಪೇನಿಲ್ಲ, ಅವರವರ ಕುರ್ಚಿ. ಈಗ ಅಡುಗೆಮನೆ ಬಹಳ ದೊಡ್ಡದಾಗಿ ಕಾಣುತ್ತಿದೆ. ಸಂಜೆ ನಾಯಿ ದಾರಿಯ ಕಡೆ ಮುಖ ಮಾಡಿ ಕೂರುತ್ತದೆ. ಯಾರೂ ಬರುವುದಿಲ್ಲ.

ನೀವು ಬನ್ನಿ. ನಕ್ಷೆ ನೋಡಬೇಡಿ. ಸೇತುವೆ ಇಳಿದು ಬಂಡಿದಾರಿ ಹಿಡಿದರೆ ಅದು ಹಿತ್ತಿಲಿಗೇ ತರುತ್ತದೆ.

ಎಸ್ತರ್

*

ಕೆಟರಿಂಗ್
೬ ನವೆಂಬರ್ ೧೯೬೦

ಎಸ್ತರ್,

ಮಾವನವರಿಗೆ ನನ್ನ ಗೌರವ. ನಾನು ಹಾಗೆ ಮೆತ್ತಗೆ ಬಡಿದದ್ದು ನನಗೇ ನೆನಪಿರಲಿಲ್ಲ.

ಒಂದು ತಿಂಗಳು ಯೋಚಿಸಿದೆ. ಹೆದರಿಕೆ ಎಂದೇ ಬರೆಯುತ್ತೇನೆ. ಕಾಗದದಲ್ಲಿ ನಾವಿಬ್ಬರೂ ಅಷ್ಟಿಷ್ಟು ಜಾಣರು, ತಿದ್ದಿ ಬರೆಯುತ್ತೇವೆ. ಎದುರೆದುರು ಕೂತರೆ ಏನು ಮಾತಾಡುವುದು? ನನಗೆ ಊಟ ಮಾಡುವಾಗ ಗೋಡೆ ನೋಡುವ ಅಭ್ಯಾಸವಾಗಿದೆ. ನಿಮಗೆ ಇಷ್ಟವಾಗದಿದ್ದರೆ ಮಾರನೆಯ ಬಸ್ಸಿಗೆ ಹೊರಟುಬಿಡುತ್ತೇನೆ, ನೀವು ಹೇಳಬೇಕಾಗಿಲ್ಲ.

ನವೆಂಬರ್ ಹದಿನೇಳು, ಗುರುವಾರ, ಬೆಳಗಿನ ಬಸ್ಸು. ಇಳಿದ ಮೇಲೆ ಯಾರೂ ಕಾಣದೆ ಹೋದರೆ ನನ್ನ ಧೈರ್ಯ ಎಷ್ಟು ದೂರ ಬರುತ್ತದೋ ಹೇಳಲಾರೆ. ಹೋದ ಸಲ ಅದು ಮನೆಯ ಮುಂದಿನವರೆಗೆ ಬಂದಿತ್ತು. ಈ ಸಲ ಹಿಂದಿನವರೆಗೆ ಬರಬೇಕು.

ಸಿರಿಲ್

*

ಎಸ್ತರ್ ಡಬ್ಬಿಯ ಮುಚ್ಚಳ ಹಾಕಿದಳು. ಆಗ್ನೆಸ್ ಬರ್ಕೆಟ್, “ಒಂದು ವರ್ಷ. ಮುದುಕ ಒಂದು ವರ್ಷ ನನ್ನ ಕೇಕ್ ತಿಂದ” ಎಂದು ಕಣ್ಣೊರೆಸಿಕೊಂಡಳು. ಬೈಯುವವರು ಯಾರೂ ಏಳಲಿಲ್ಲ. ಹಾಡೂ ಆಗಲಿಲ್ಲ. ಸೇತುವೆಯ ಹತ್ತಿರ ಹೋಗಿ ನಿಲ್ಲೋಣವೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನಮ್ಮ ಕಡೆ ಅಂಥದ್ದನ್ನು ಬಾಯಿ ಬಿಟ್ಟು ಆಡುವ ರೂಢಿಯಿಲ್ಲ.

ಮಾರನೆಯ ಬೆಳಗ್ಗೆ ಮಂಜು ಬಿದ್ದಿತ್ತು. ಅಂಥ ಚಳಿಯಲ್ಲಿ ಯಾರೂ ಕಲ್ಲುಗೋಡೆ ಮುಟ್ಟುವುದಿಲ್ಲ, ಕೈ ಒಡೆಯುತ್ತದೆ. ಆದರೆ ಅಂದು ಸೇತುವೆಯಿಂದ ಹೈ ಗಾರ್ತ್‌ವರೆಗಿನ ಬಂಡಿದಾರಿಯುದ್ದಕ್ಕೂ ಗೋಡೆಗೆ ಏನೋ ದುರಸ್ತಿ ಬೇಕಾಗಿತ್ತು. ತಿರುವಿಗೊಬ್ಬರಂತೆ ನಿಂತು, ಸರಿಯಾಗಿಯೇ ಇದ್ದ ಕಲ್ಲನ್ನು ತೆಗೆದು, ತಿರುಗಿಸಿ ನೋಡಿ, ಇದ್ದಲ್ಲೇ ಇಡುತ್ತಿದ್ದೆವು. ಆಗ್ನೆಸ್ ಕಳೆದುಹೋದ ಕೋಳಿ ಹುಡುಕುತ್ತೇನೆಂದು ಸೇತುವೆಯ ಮೇಲೆ ನಿಂತಿದ್ದಳು. ಅವಳ ಕೋಳಿಗಳೆಲ್ಲ ಗೂಡಿನಲ್ಲೇ ಇದ್ದವು. ಚಾಪೆಲ್ ಹಿಂದೆ, ಹೊಲದ ಕಾಲುದಾರಿ ಶುರುವಾಗುವ ಗೇಟಿಗೆ ಒರಗಿ ವಿಲ್ಫ್ ಟೈಸನ್ ಪೈಪು ತುಂಬುತ್ತಿದ್ದ.

ಬಸ್ಸು ಬಂದು ನಿಂತಿತು. ಒಬ್ಬನೇ ಇಳಿದ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಪೆಟ್ಟಿಗೆ, ಕಾಲಲ್ಲಿ ಬಹಳ ಒಳ್ಳೆಯ ಬೂಟು. ಬಸ್ಸು ಹೋಗುವುದನ್ನೇ ನೋಡುತ್ತ ನಿಂತ. ಆಮೇಲೆ, ಗೊತ್ತಿರುವ ದಾರಿ ಅದೊಂದೇ ಆದ್ದರಿಂದಲೋ ಏನೋ, ಚಾಪೆಲ್ ಹಿಂದಿನ ಗೇಟಿನ ಕಡೆ ಹೆಜ್ಜೆ ಹಾಕಿದ. ವಿಲ್ಫ್ ಪೈಪನ್ನು ಬಾಯಿಂದ ತೆಗೆದ.

“ಈ ಕಡೆ ಅಲ್ಲ ಸ್ವಾಮಿ. ಅಲ್ಲಿ ಕೋಳಿ ಹುಡುಕ್ತಾ ಇದಾಳಲ್ಲ, ಅವಳ ಹಿಂದೆ ಹೋಗಿ. ಹಿತ್ತಿಲ ಬಾಗಿಲು ತೆಗೆದೇ ಇದೆ.”